ಬೃಂದಾಳ ಲೋಟ

ಬೆಳಿಗ್ಗೆ ಡ್ಯೂಟಿಗೆ ಬಂದ ಮಲ್ಲಮ್ಮ ಸಿಸ್ಟರ್‌ಗೆ ಎಲ್ಲಕ್ಕಿಂತ ಮೊದಲು ಕಂಡದ್ದು ಸಿಂಧುವಿನ ಬೆನ್ನು. ಆ ಹುಡುಗಿ ಹೆರಿಗೆ ವಾರ್ಡಿನ ಮೂಲೆಯ ಸಿಂಕಿನ ಮುಂದೆ ನಿಂತು ನೀರು ಕುಡಿಯುತ್ತಿದ್ದಳು. ಕುಡಿದು, ಲೋಟ ತೊಳೆದು, ಕೆಳಗಿನ ಹಲಗೆಯ ಮೇಲೆ ಬೋರಲು ಹಾಕಿ, ಇತ್ತ ತಿರುಗಿಯೂ ನೋಡದೆ ಹೊರಟುಹೋದಳು. ಗುಡ್ ಮಾರ್ನಿಂಗ್ ಅನ್ನಲಿಲ್ಲ. ಅನ್ನದಿದ್ದರೆ ತನ್ನ ಗಂಟೇನು ಹೋಯಿತು ಎಂದುಕೊಂಡಳು ಮಲ್ಲಮ್ಮ. ಆದರೂ ಬ್ಯಾಗನ್ನು ಮೊಳೆಗೆ ನೇತುಹಾಕಿ, ಬಿಳಿ ಕೋಟಿನ ಗುಂಡಿ ಹಾಕಿಕೊಳ್ಳುವಾಗ ಎದೆಯಲ್ಲಿ ಏನೋ ಇರಬೇಕಾದದ್ದು ಇಲ್ಲವೆನಿಸಿತು. ನೋವಲ್ಲ. ನೋವಾಗಿದ್ದರೆ ಅವಳಿಗೆ ತಿಳಿಯುತ್ತಿತ್ತು. ಗುಂಡ್ಲುಪೇಟೆಯ ಈ ಟ್ರಸ್ಟ್ ಆಸ್ಪತ್ರೆಯಲ್ಲಿ ವಯಸ್ಸೆಲ್ಲ ಕಳೆದದ್ದು ಬೇರೆಯವರ ನೋವು ನೋಡಿಕೊಂಡೇ. ಇದು ಹಲ್ಲು ಕೀಳಿಸಿಕೊಳ್ಳಲು ಇಂಜೆಕ್ಷನ್ ತೆಗೆದುಕೊಂಡ ಮೇಲೆ ತುಟಿ ಇದ್ದೂ ಇಲ್ಲದ ಹಾಗೆ ಆಗುತ್ತದಲ್ಲ, ಅಂಥದ್ದು. ಮುಟ್ಟಿ ನೋಡಿಕೊಂಡರೆ ಇದೆ. ಕಚ್ಚಿದರೆ ಗೊತ್ತಾಗುವುದಿಲ್ಲ.

ನಿನ್ನೆ ನಡೆದದ್ದು ಅಂಥ ದೊಡ್ಡ ವಿಷಯವೇನೂ ಅಲ್ಲ. ಬೇಗೂರು ಕಡೆಯ ಚೊಚ್ಚಲ ಬಸುರಿಯೊಬ್ಬಳಿಗೆ ಡ್ರಿಪ್ ಹಾಕಬೇಕಿತ್ತು. ಸಿಂಧು ಎರಡು ಸಲ ಚುಚ್ಚಿದಳು, ಎರಡು ಸಲವೂ ನರ ತಪ್ಪಿತು. ಬಸುರಿಯ ಅತ್ತೆ, "ಅಯ್ಯೋ, ನನ್ ಸೊಸೆ ಕೈಯ ಜರಡಿ ಮಾಡ್ತಾವ್ಳಲ್ಲವ್ವಾ" ಎಂದು ಕೂಗಿಕೊಂಡಳು. ಆಗ ಮಲ್ಲಮ್ಮ ಹೋಗಿ ಸಿಂಧುವನ್ನು ಮೊಣಕೈಯಿಂದ ಪಕ್ಕಕ್ಕೆ ಸರಿಸಿ, "ಸರ್ಕೊಮ್ಮಿ ಅತ್ತಗೆ. ಯಾವ್ ಸಂತೇಲಿ ತಕಬಂದೆ ನಿನ್ ಸರ್ಟಿಫಿಕೇಟ?" ಎಂದಳು. ಮಂಚದ ಸುತ್ತ ನಿಂತಿದ್ದವರು ನಕ್ಕರು, ನೋವು ತಿನ್ನುತ್ತಿದ್ದ ಬಸುರಿಯೂ ನಕ್ಕಳು. ಮಲ್ಲಮ್ಮನ ಸೂಜಿ ಒಂದೇ ಸಲಕ್ಕೆ ನರ ಹಿಡಿಯಿತು. ಹಿಡಿದಾಗ ಅವಳಿಗೆ ಖುಷಿಯಾಯಿತು, ಅದನ್ನು ಸುಳ್ಳೆನ್ನುವಂತಿಲ್ಲ. ಸಿಂಧುವಿನ ಕಿವಿ ಕೆಂಪಗಾದದ್ದನ್ನೂ ಅವಳು ಕಂಡಿದ್ದಳು. ಅದೇ ಸಂಜೆ ಸಿಂಧು ಮ್ಯಾನೇಜರ್ ಬಸವಪ್ರಸಾದರ ರೂಮಿಗೆ ಹೋಗಿ, ತಿಂಗಳ ಕೊನೆಗೆ ಕೆಲಸ ಬಿಡುತ್ತೇನೆ ಎಂದು ಹೇಳಿ ಬಂದಿದ್ದಳು.

ಬಸವಪ್ರಸಾದ್ ಈಗ ವಾರ್ಡಿನ ಬಾಗಿಲಲ್ಲಿ ನಿಂತು, ಚಪ್ಪಲಿ ಬಿಡುವ ತಾಪತ್ರಯ ಬೇಡವೆಂದು ಒಳಗೆ ಕಾಲಿಡದೆ, ಅಲ್ಲಿಂದಲೇ ಮಾತಾಡಿದರು. "ಸಿಸ್ಟರ್, ಸಿಂಧು ಹೋದ್ರೆ ಈ ವಾರ್ಡಿಗೆ ಉಳಿಯೋರು ನೀವೊಬ್ರೇ. ಟ್ರಸ್ಟಿನೋರು ಖಡಾಖಂಡಿತ ಹೇಳ್ಬಿಟ್ಟಿದ್ದಾರೆ, ನರ್ಸಿಲ್ಲದೆ ಹೆರಿಗೆ ವಾರ್ಡ್ ನಡೆಸೋಕಾಗಲ್ಲ, ಬರೋ ತಿಂಗಳಿಂದ ಮುಚ್ಚಿ ಅಂತ. ಇವತ್ತು ಚಾಮರಾಜನಗರದ ನರ್ಸಿಂಗ್ ಕಾಲೇಜಿಗೆ ಹೋಗ್ತಿದ್ದೀನಿ, ಯಾರಾದ್ರೂ ಹುಡುಗೀರು ಬರ್ತಾರಾ ಕೇಳೋಣ. ನೀವೂ ಬನ್ನಿ. ಸೀನಿಯರ್ ಇದ್ರೆ ನಂಬಿಕೆ ಬರುತ್ತೆ." ಹೊರಟವರು ಮತ್ತೆ ತಿರುಗಿ, "ಸ್ವಲ್ಪ ನಗುನಗ್ತಾ ಮಾತಾಡಿ ಸಿಸ್ಟರ್" ಎಂದರು. ತನಗಿಂತ ಎಷ್ಟೋ ಚಿಕ್ಕವನು. ಅವನ ಮೊದಲ ಮಗುವನ್ನು ಕೈಯಲ್ಲಿ ಹಿಡಿದು ಅವನಿಗೆ ತೋರಿಸಿದವಳು ಮಲ್ಲಮ್ಮನೇ. ಆ ದಿನ ಅವನು ಅತ್ತಿದ್ದ, ಅವಳ ಕಾಲು ಮುಟ್ಟಲು ಬಗ್ಗಿದ್ದ. ವಾರ್ಡ್ ಮುಚ್ಚುವುದು ಎಂದರೆ ಏನೆಂದು ಅವಳು ಯೋಚಿಸಲು ಹೋದಳು. ಬೀಗ ಕಣ್ಣಿಗೆ ಬಂತು, ಬೀಗದ ಹಿಂದಿನ ಕತ್ತಲೆ ಬಂತು. ಕೆಲಸ ಹೋದ ಮೇಲೆ ತಾನು ಬೆಳಗಾಗೆದ್ದು ಎಲ್ಲಿಗೆ ಹೋಗುವುದು ಎಂಬಲ್ಲಿಗೆ ಯೋಚನೆ ನಿಂತುಬಿಟ್ಟಿತು.

ಸೀರೆಯ ನೆರಿಗೆ ಸರಿಮಾಡಿಕೊಳ್ಳುತ್ತಿದ್ದಾಗ ಆಯಾ ದೊಡ್ಡಮಾದಮ್ಮ ನೆಲ ಒರೆಸುತ್ತ ಹತ್ತಿರ ಬಂದಳು. ಒರೆಸುವ ಕೋಲಿಗೆ ಗದ್ದ ಊರಿ, "ಸಿಂದುಗೆ ವರ್ಸ ತುಂಬಿ ಬೋ ದಿಸ ಆಯ್ತು ಕಣಿ ಸಿಸ್ಟರ್" ಎಂದಳು. "ದೀವಳ್ಗೆಗೇ ತುಂಬ್ತು. ನೀವು ಲೋಟ ಕೊಡ್ನೇ ಇಲ್ಲ."

"ಕೇಳ್ನಿಲ್ವಲ್ಲ ಅವಳು."

"ಕೇಳ್ಬುಟ್ಟು ಇಸ್ಕಳದಾ ಅದು?" ಎಂದು ದೊಡ್ಡಮಾದಮ್ಮ ಮತ್ತೆ ಬಗ್ಗಿ ಒರೆಸತೊಡಗಿದಳು.

ಮಲ್ಲಮ್ಮ ಹಲಗೆಯತ್ತ ನೋಡಿದಳು. ಸಿಂಕಿನ ಪಕ್ಕ ಎರಡು ಹಲಗೆ. ಮೇಲಿನದರ ಮೇಲೆ ಒಂದೇ ಒಂದು ಸ್ಟೀಲ್ ಲೋಟ, ಕಂಠದ ಕೆಳಗೆ ಚುಕ್ಕಿ ಚುಕ್ಕಿಯಾಗಿ ‘ಮಲ್ಲಮ್ಮ’ ಎಂದು ಕೊರೆದದ್ದು, ಅಕ್ಷರ ಸವೆದು ಈಗ ಬೆರಳಿಗೆ ಮಾತ್ರ ಓದಲು ಬರುತ್ತದೆ. ತನ್ನೂರು ಕುದೇರಿನಿಂದ ಬಸ್ಸು ಹತ್ತಿ ಅವಳು ಇಲ್ಲಿಗೆ ಬಂದ ಮೊದಲ ದಿನವೇ ವಯನಾಡಿನ ದೊಡ್ಡ ಸಿಸ್ಟರ್ ಅದನ್ನು ಬಜಾರಿನಿಂದ ತರಿಸಿ ಕೈಗಿಟ್ಟು, ತನ್ನ ಮಲಯಾಳಿ ಕನ್ನಡದಲ್ಲಿ, "ಮಲ್ಲಮ್ಮೇ, ಇನ್ನು ನೀನು ನಮ್ಮದು" ಎಂದಿದ್ದಳು. ಆಗಿನಿಂದ ಅದೇ ಈ ವಾರ್ಡಿನ ಪದ್ಧತಿ, ಬಂದವಳಿಗೆ ಬಂದ ದಿನವೇ ಅವಳ ಹೆಸರಿನ ಲೋಟ. ಬೃಂದಾ ಬಂದಾಗಲೂ ಮಲ್ಲಮ್ಮ ಹಾಗೆಯೇ ಮಾಡಿದ್ದಳು. ಮಾಡಿದ್ದು ಅದೊಂದೇ ಅಲ್ಲ. ಹಸುಗೂಸಿಗೆ ಉಸಿರು ಬರಿಸುವುದನ್ನು ಕೈಹಿಡಿದು ಕಲಿಸಿದ್ದಳು, ಮನೆಯಿಂದ ಹಿತಕಿದವರೆ ಸಾರು ತಂದು ಉಣಿಸಿದ್ದಳು, ಮಕ್ಕಳಿಲ್ಲದ ತನಗೆ ಇವಳು ದೊರಕಿದಳು ಎಂದು ಒಳಗೊಳಗೇ ಅಂದುಕೊಂಡದ್ದನ್ನು ಯಾರಿಗೂ ಹೇಳಿರಲಿಲ್ಲ. ಒಂದು ಸೋಮವಾರ ಬೃಂದಾ ಬರಲಿಲ್ಲ. ವಯನಾಡಿನ ಬತ್ತೇರಿಯ ಆಸ್ಪತ್ರೆ ಸೇರಿಕೊಂಡಳಂತೆ ಎಂದು ಔಷಧಿ ಅಂಗಡಿಯವನು ಹೇಳಿದ. ಲೋಟ ಇಲ್ಲೇ ಉಳಿಯಿತು. ಮಲ್ಲಮ್ಮ ಅದನ್ನು ಎತ್ತಿ ಕೆಳಗಿನ ಹಲಗೆಗೆ ಹಾಕಿದಳು. ಮುಂದೆ ಬಂದ ಹುಡುಗಿ ನೀರಿಗೆ ಲೋಟ ಎಲ್ಲಿ ಎಂದು ಕೇಳಿದಾಗ ಅದನ್ನೇ ತೋರಿಸಿ, "ಸದ್ಯಕ್ಕೆ ಇದ್ರಲ್ಲಿ ಕುಡಿ. ವರ್ಸ ನಿಂತ್ರೆ ನೋಡನ" ಎಂದಳು. ಬೇಕೆಂದು ಹೇಳಿದ್ದಲ್ಲ, ಬಾಯಿಗೆ ಬಂತು. ಆಮೇಲೆ ಅದೇ ಪದ್ಧತಿಯಾಯಿತು. ಅನು ಬಂದಳು, ಹೋದಳು. ಇನ್ನೂ ಯಾರ್ಯಾರೋ ಬಂದರು, ಹೋದರು. ಎಲ್ಲರೂ ಬೃಂದಾಳ ಲೋಟದಲ್ಲಿ ನೀರು ಕುಡಿದರು, ಮತ್ತು ಎಲ್ಲರನ್ನೂ ಮಲ್ಲಮ್ಮ "ಏಯ್ ಹುಡ್ಗಿ" ಎಂದೇ ಕರೆದಳು. ಹೋಗುವವರ ಹೆಸರನ್ನು ಬಾಯಿಗೆ ರೂಢಿ ಮಾಡಿಕೊಂಡು ಆಗಬೇಕಾದ್ದೇನು?

ವ್ಯಾನು ತೆರಕಣಾಂಬಿ ದಾಟಿದಾಗ ಅರಿಸಿನ ಬೇಯಿಸುವ ಘಾಟು ಕಿಟಕಿಯೊಳಗೆ ಬಂತು. ಬಸವಪ್ರಸಾದ್ ಫೋನಿನಲ್ಲಿ ಯಾರಿಗೋ ಹಾಸ್ಟೆಲಿನ ನೀರಿನ ಟ್ಯಾಂಕ್ ಬಗ್ಗೆ ಹೇಳುತ್ತಿದ್ದರು. ಕಾಲೇಜಿನಲ್ಲಿ ಏನು ಹೇಳುವುದೆಂದು ಮಲ್ಲಮ್ಮ ಮನಸ್ಸಿನಲ್ಲೇ ಜೋಡಿಸಿಕೊಳ್ಳಲು ನೋಡಿದಳು. ನಮ್ಮದು ಒಳ್ಳೆಯ ಆಸ್ಪತ್ರೆ. ಕೆಲಸ ಕಲಿಯಬಹುದು. ಕಲಿಯಬಹುದು, ಹೌದು, ಆದರೆ ಸಿಂಧುವಿಗೆ ತಾನು ಏನು ಕಲಿಸಿದೆ? ಆ ಹುಡುಗಿ ತಾನಾಗಿ ನೋಡಿ ನೋಡಿ ಕಲಿತದ್ದೇ ಎಲ್ಲ. ಮೊದಮೊದಲು ಅವಳು ವಾರ್ಡಿನಲ್ಲಿ ಹಾಡು ಗುನುಗುತ್ತಿದ್ದಳು, ಬಾಣಂತಿಯರ ತಲೆ ಬಾಚುತ್ತಿದ್ದಳು. "ಇದೇನ್ ಬ್ಯೂಟಿ ಪಾರ್ಲರಾ?" ಎಂದು ಮಲ್ಲಮ್ಮ ಒಂದು ಸಲ ಅಂದಳು. ಬಾಚುವುದು ನಿಂತಿತು. ಗುನುಗುವುದು ಯಾವಾಗ ನಿಂತಿತೋ ಗಮನಿಸಿರಲಿಲ್ಲ, ಈಗ ವ್ಯಾನಿನಲ್ಲಿ ಕುಳಿತಾಗ ನಿಂತಿದೆ ಎನ್ನುವುದು ತಿಳಿಯಿತು. ರಸ್ತೆಯ ಬದಿಯಲ್ಲಿ ಹೆಂಗಸರು ಸಣ್ಣ ಈರುಳ್ಳಿಯ ರಾಶಿಯ ಸುತ್ತ ಕುಳಿತು ಬಾಲ ಕತ್ತರಿಸುತ್ತ ಜೋರಾಗಿ ಏನೋ ಹೇಳಿಕೊಂಡು ನಗುತ್ತಿದ್ದರು. ನಗು ಕಿಟಕಿಯೊಳಕ್ಕೆ ಬರುವ ಮೊದಲೇ ವ್ಯಾನು ಮುಂದಕ್ಕೆ ಹೋಯಿತು.

ಕಾಲೇಜಿನ ಹಾಲಿನಲ್ಲಿ ಹುಡುಗಿಯರು ಬೆಂಚುಗಳಲ್ಲಿ ಒತ್ತಾಗಿ ಕುಳಿತಿದ್ದರು. ಬಸವಪ್ರಸಾದ್ ಚೆನ್ನಾಗಿಯೇ ಮಾತಾಡಿದರು, ಹಾಸ್ಟೆಲು, ಊಟ, ರಜ ಎಲ್ಲವನ್ನೂ ಹೇಳಿದರು, ನಗಿಸಿದರು ಕೂಡ. ಆಮೇಲೆ, "ನಮ್ಮ ಹೆರಿಗೆ ವಾರ್ಡಿನ ಬೆನ್ನೆಲುಬು, ಮಲ್ಲಮ್ಮ ಸಿಸ್ಟರ್" ಎಂದು ಕೈ ತೋರಿಸಿದರು. ಮಲ್ಲಮ್ಮ ಎದ್ದು ನಿಂತಳು. ಹಾಲಿನಲ್ಲಿದ್ದ ಗುಜುಗುಜು ತಟ್ಟನೆ ನಿಂತಿತು. ಗೌರವದ ಮೌನ ಹೇಗಿರುತ್ತದೆ ಎಂದು ಅವಳಿಗೆ ಗೊತ್ತು, ಇದು ಅದಲ್ಲ. ಇವಳೇ ಅವಳು ಎಂದು ಗುರುತು ಹಿಡಿದವರ ಮೌನ. ಎರಡನೇ ಸಾಲಿನಲ್ಲಿ ಒಬ್ಬಳು ಪಕ್ಕದವಳ ತೊಡೆ ಚಿವುಟಿದ್ದು ಕಾಣಿಸಿತು. "ನಮ್ದು ಒಳ್ಳೆ ಆಸ್ಪತ್ರೆ" ಎಂದಳು ಮಲ್ಲಮ್ಮ. "ಕೆಲ್ಸ ಕಲೀಬೋದು." ಮುಂದಿನದು ಬರಲಿಲ್ಲ. ನಗಬೇಕು ಎಂದು ನೆನಪಾಗಿ ನಕ್ಕಳು. ತುಟಿ ಎಷ್ಟು ಅಗಲವಾಯಿತೋ ಅವಳಿಗೆ ತಿಳಿಯಲಿಲ್ಲ, ಮುಂದಿನ ಬೆಂಚಿನವರು ತಲೆ ತಗ್ಗಿಸಿದ್ದು ನೋಡಿದರೆ ಚೆನ್ನಾಗಿರಲಿಲ್ಲವೆಂದು ಕಾಣುತ್ತದೆ.

"ಏನಾದ್ರೂ ಕೇಳೋದಿದ್ರೆ ಕೇಳಿ" ಎಂದರು ಬಸವಪ್ರಸಾದ್.

ಕೊನೆಯ ಬೆಂಚಿನಿಂದ ತೆಳ್ಳಗಿನ ಹುಡುಗಿಯೊಬ್ಬಳು ಎದ್ದಳು. "ಸಿಸ್ಟರ್, ನಿಮ್ಮಲ್ಲಿ ಹೊಸಬ್ರಿಗೆ ಬಿಟ್ಟೋದೋರ ಲೋಟದಲ್ಲಿ ನೀರು ಕೊಡ್ತಾರಂತೆ, ನಿಜಾನಾ?"

ಇಡೀ ಹಾಲೇ ನಕ್ಕಿತು. ಅಷ್ಟು ಹೊತ್ತು ಹಿಡಿದಿಟ್ಟುಕೊಂಡಿದ್ದ ನಗು. ಬಸವಪ್ರಸಾದ್ ಕೂಡ ಏನು ಲೋಟ, ಯಾವ ಲೋಟ ಎನ್ನುತ್ತ ಅರ್ಥವಾಗದೆ ನಕ್ಕರು. ವಾರ್ಡಿನ ಮೂಲೆಯ ಒಂದು ಹಲಗೆ ತನಗಿಂತ ಮುಂಚೆ ಚಾಮರಾಜನಗರಕ್ಕೆ ಬಂದು ಈ ಬೆಂಚುಗಳಲ್ಲಿ ಕುಳಿತಿದೆ. ಮಲ್ಲಮ್ಮನಿಗೆ ಅವಮಾನವಾಗಬೇಕಿತ್ತು. ಆಯಿತೋ ಏನೋ, ಕುತ್ತಿಗೆಯ ಹಿಂದೆ ಬೆಚ್ಚಗಾಯಿತು ಅಷ್ಟೆ. ನಿನ್ನೆ ಮಂಚದ ಪಕ್ಕದಲ್ಲಿ ಸಿಂಧುವಿಗೂ ಹೀಗೇ ಆಗಿರಬೇಕು. ಕಿವಿ ಕೆಂಪಗಾಗಿತ್ತಲ್ಲ. "ನಿಜ" ಎಂದಳು ಅವಳು. "ಕೊಡ್ತೀವಿ." ನಗು ಅಲ್ಲಿಗೇ ನಿಂತಿತು. ಅವಳು ಕುಳಿತುಕೊಂಡಳು. ಕೆಲಸಕ್ಕೆ ಬರುತ್ತೇನೆ ಎಂದು ಯಾರೂ ಮುಂದೆ ಬರಲಿಲ್ಲ.

ವ್ಯಾನಿನ ಹತ್ತಿರ ಬಂದಾಗ ಆ ಪ್ರಶ್ನೆ ಕೇಳಿದ ಹುಡುಗಿಯೇ ಹಿಂದೆ ಓಡಿಬಂದಳು. ಕ್ಷಮಾಪಣೆ ಕೇಳಲಿಕ್ಕಿರಬಹುದು ಎಂದು ಮಲ್ಲಮ್ಮ ಮುಖ ಬಿಗಿದಳು. ಅದಲ್ಲ. "ನಾನು ಬತ್ತೀನಿ ಸಾರ್" ಎಂದಳು ಹುಡುಗಿ ಬಸವಪ್ರಸಾದರಿಗೆ. "ಪ್ರಿಯಾಂಕ ಅಂತ. ನಮ್ದು ಗುಂಡ್ಲುಪೇಟೆ ತಾವ್ಲ ಮದ್ದೂರು. ಪರೀಕ್ಷೆ ಎಲ್ಲಾ ಮುಗ್ದದೆ. ನಮ್ಮವ್ವಂಗೆ ಹುಸಾರಿಲ್ಲ, ಗುಂಡ್ಲುಪೇಟೆ ಆದ್ರೆ ಸಂಜೆಗೆ ಮನೆ ಸೇರ್ಕಬೋದು." ಬಸವಪ್ರಸಾದ್ ಅವಳ ಮಾತು ಮುಗಿಯುವ ಮೊದಲೇ ವ್ಯಾನಿನ ಬಾಗಿಲು ತೆಗೆದು, ಈಗಲೇ ಬಂದು ಆಸ್ಪತ್ರೆ ನೋಡಿಬಿಡಮ್ಮ, ಅಲ್ಲಿಂದ ಬಸ್ಸಿಗೆ ಬಿಡುತ್ತೇವೆ ಎಂದರು. ಹುಡುಗಿ ಮಲ್ಲಮ್ಮನ ಕಡೆ ತಿರುಗಿ, "ನಂಗೆ ಯಾವ ಲೋಟ ಆದ್ರೂ ಪರ್ವಾಗಿಲ್ಲ ಸಿಸ್ಟರ್. ಹುಡ್ಗೀರೆಲ್ಲಾ ಮಾತಾಡ್ಕೋತಿದ್ರು, ಅದ್ಕೆ ಕೇಳ್ದೆ" ಎಂದಳು. ಹೇಳಿದ ರೀತಿಯಲ್ಲಿ ಕೊಂಕಿರಲಿಲ್ಲ. ಕೊಂಕಿದ್ದಿದ್ದರೆ ಮಲ್ಲಮ್ಮನಿಗೆ ಉತ್ತರ ಕೊಡಲು ಬರುತ್ತಿತ್ತು.

ದೊಡ್ಡಂಗಡಿ ಬೀದಿಯಲ್ಲಿ ಬಸವಪ್ರಸಾದ್ ಊಟ ಕಟ್ಟಿಸಿಕೊಳ್ಳಲು ವ್ಯಾನು ನಿಲ್ಲಿಸಿದರು. ಎದುರಿಗೇ ಪಾತ್ರೆ ಅಂಗಡಿ. ಮಲ್ಲಮ್ಮ ಯೋಚಿಸಿ ಇಳಿದದ್ದಲ್ಲ, ಕಾಲು ಇಳಿಯಿತು. ಗೂಟಕ್ಕೆ ಸಿಕ್ಕಿಸಿದ ಬಿಂದಿಗೆಗಳ ಕೆಳಗೆ ಬಗ್ಗಿ ಒಳಗೆ ಹೋಗಿ ಒಂದು ಲೋಟ ಆರಿಸಿದಳು, ತನ್ನದರಷ್ಟೇ ಎತ್ತರದ್ದು. ಅಂಗಡಿಯವನು ಹೆಸರು ಕೊರೆಯುವ ಮೆಷಿನ್ನಿನ ವೈರು ಸಿಕ್ಕಿಸಿ, "ಏನಂತ ಬರೀಬೇಕಮ್ಮ?" ಎಂದ. ಸಿಂಧು ಎನ್ನಬೇಕು. ಹೆಸರು ಗೊತ್ತಿಲ್ಲದೆ ಇಲ್ಲ, ಪ್ರತಿ ವಾರ ಡ್ಯೂಟಿ ಹಾಕುವಾಗ ಅವಳೇ ಬರೆಯುವ ಹೆಸರು. ಆದರೆ ಕೈ ಬರೆದದ್ದನ್ನು ಬಾಯಿ ಒಮ್ಮೆಯೂ ಹೇಳಿರಲಿಲ್ಲ. "ಸಿಂಧು" ಎಂದಳು. ಪರಸ್ಥಳದವರ ಹೆಸರಿನಂತೆ ಕೇಳಿಸಿತು. "ಮಗಳಾ?" ಎಂದ ಅವನು ಸುಮ್ಮನೆ, ಮೆಷಿನ್ನು ಕಿರ್ರೆನ್ನುತ್ತಿದ್ದುದರಿಂದ ಅವಳು ಉತ್ತರ ಹೇಳಬೇಕಾಗಲಿಲ್ಲ. ಚುಕ್ಕಿಗಳು ಒಂದರ ಪಕ್ಕ ಒಂದು ಬಿದ್ದು ಹೆಸರಾಗುವುದನ್ನು ನೋಡುತ್ತ ಅವಳಿಗೆ ಅಳು ಬರುವಂತಾಯಿತು, ಬರಲಿಲ್ಲ. ಕೊಡುವಾಗ ಏನು ಹೇಳುವುದು? ತಗೋ, ತಡವಾಯಿತು ಎನ್ನಬೇಕು. ನಿನ್ನೆ ಹಾಗನ್ನಬಾರದಿತ್ತು ಎಂದೂ ಹೇಳಬೇಕು. ವಯನಾಡಿನ ಸಿಸ್ಟರ್ ಎಷ್ಟು ಸುಲಭವಾಗಿ ಹೇಳಿದ್ದಳು, ತಪ್ಪು ಕನ್ನಡದಲ್ಲಿ.

"ಒಂದೇ ಸಾಕಾ?" ಎಂದ ಅಂಗಡಿಯವನು. ಮಲ್ಲಮ್ಮ ಹಿಂದಿರುಗಿ ನೋಡಿದಳು. ವ್ಯಾನಿನ ಕಿಟಕಿಯಲ್ಲಿ ಪ್ರಿಯಾಂಕ ಗದ್ದ ಊರಿಕೊಂಡು ಬೀದಿ ನೋಡುತ್ತಿದ್ದಳು. ಬಸವಪ್ರಸಾದ್ ಫೋನಿನಲ್ಲಿ ಆಸ್ಪತ್ರೆಗೆ ವರದಿ ಒಪ್ಪಿಸುತ್ತಿದ್ದರು. "ಸಿಕ್ಕಿದ್ಲು ಒಬ್ಳು, ಕರ್ಕೊಂಡೇ ಬರ್ತಿದ್ದೀವಿ, ಸಿಂಧುಗೂ ಹೇಳು" ಎನ್ನುವುದು ಇಲ್ಲಿಯವರೆಗೆ ಕೇಳಿಸುತ್ತಿತ್ತು. ಇನ್ನೊಂದು ಲೋಟ ಅಲ್ಲೇ ಕೈಗೆಟುಕುವಂತೆ ಇತ್ತು. "ಒಂದೇ ಸಾಕು" ಎಂದಳು ಮಲ್ಲಮ್ಮ. "ಅವಳು ನಿಂತ್ರೆ ನೋಡನ."

ದಾರಿಯುದ್ದಕ್ಕೂ ಲೋಟ ಅವಳ ತೊಡೆಯ ಮೇಲೆ, ಪೇಪರಿನಲ್ಲಿ ಸುತ್ತಿದ್ದು, ಬಿಸಿಲಿಗೆ ಬಿಸಿಯಾಗುತ್ತಿತ್ತು. ಪ್ರಿಯಾಂಕ ಒಂದೆರಡು ಸಲ ಅದರ ಕಡೆ ನೋಡಿ ಬೇರೆ ಕಡೆ ನೋಡಿದಳು. ಆಡಿದ ಮಾತು ನಾಲಗೆಯ ಮೇಲೆ ಇನ್ನೂ ಇತ್ತು. ತಿರುಗಿ ಹೋಗೋಣ ಎನ್ನಬಹುದು, ಒಂದು ಲೋಟ ಮರೆತೆ ಎನ್ನಬಹುದು. ತೆರಕಣಾಂಬಿ ಬರುವವರೆಗೂ ಹಾಗೆಂದುಕೊಳ್ಳುತ್ತಲೇ ಇದ್ದಳು, ತೆರಕಣಾಂಬಿ ದಾಟಿದ ಮೇಲೆ ಇನ್ನೇನು ಮಾಡುವುದು, ದಾಟಿಯಾಯಿತಲ್ಲ ಎಂದುಕೊಂಡಳು. ಮೊದಲು ಸಿಂಧು ಉಳಿಯಲಿ. ಸಿಂಧು ಉಳಿದರೆ ವಾರ್ಡು ಉಳಿಯುತ್ತದೆ. ಈ ಹುಡುಗಿಯದು ನಾಳೆ ನೋಡಿದರಾಯಿತು.

ವಾರ್ಡಿನ ಮೆಟ್ಟಿಲು ಹತ್ತುವಾಗ ಒಳಗಿನಿಂದ ತನ್ನದೇ ದನಿ ಕೇಳಿಸಿತು ಮಲ್ಲಮ್ಮನಿಗೆ. "ಏನ್ ಕಣಮ್ಮಿ ಅಂಗ್ ಕಿರುಚ್ತೀಯ? ನಿಂಗೊಬ್ಳಿಗೇ ಹೆರಿಗೆ ಆಗದಾ ಪ್ರಪಂಚದಲ್ಲಿ? ಮುಚ್ಚು ಬಾಯ." ಮಾತು ತನ್ನದು, ಎಳೆಯುವ ರೀತಿ ತನ್ನದು, ಕೊನೆಯಲ್ಲಿ ದನಿ ತಗ್ಗಿಸುವುದೂ ತನ್ನದೇ. ಬಾಗಿಲಿಗೆ ಬಂದು ನೋಡಿದರೆ ಸಿಂಧು. ಸೊಂಟದ ಮೇಲೆ ಕೈಯಿಟ್ಟು ಬಸುರಿಯೊಬ್ಬಳ ಮಂಚದ ಬಳಿ ನಿಂತಿದ್ದಳು. ಇವರನ್ನು ಕಂಡು ಮುಖ ಅರಳಿಸಿ ಬಂದಳು. ಎಷ್ಟು ತಿಂಗಳಾಗಿತ್ತು ಆ ಮುಖ ಹಾಗೆ ಅರಳಿ. "ಸಿಸ್ಟರ್, ನಾನು ಇರ್ತೀನಿ. ಬಿಡಲ್ಲ ಅಂತ ಸಾರ್‌ಗೂ ಹೇಳ್ತೀನಿ."

ಸಂತೋಷವಾಯಿತು ಮಲ್ಲಮ್ಮನಿಗೆ, ನಿಜವಾಗಿ ಆಯಿತು. ವಾರ್ಡ್ ಮುಚ್ಚುವುದಿಲ್ಲ. ನಾಳೆ ಬೆಳಗಾಗೆದ್ದು ಇಲ್ಲಿಗೆ ಬರಬಹುದು. "ಯಾಕ್ ಮನ್ಸು ಬದ್ಲಾಯ್ಸ್ದೆ?" ಎಂದು ಕೇಳಿದಳು.

"ಹೊಸಬಳು ಬತ್ತಾಳೆ ಅಂದ್ರಲ್ಲ" ಎಂದಳು ಸಿಂಧು, ಅದರಲ್ಲಿ ಕೇಳುವುದೇನಿದೆ ಎನ್ನುವಂತೆ. "ಇನ್ಮೇಲೆ ನಾನೇ ಕಡೆಯೋಳಲ್ವಲ್ಲ."

ಮಲ್ಲಮ್ಮ ಪೇಪರು ಬಿಚ್ಚಿ ಲೋಟ ಕೊಟ್ಟಳು. ಹೇಳಬೇಕೆಂದಿದ್ದ ಮಾತು ಯಾವುದೂ ಹೇಳುವ ಅಗತ್ಯ ಬೀಳಲಿಲ್ಲ, ಸಿಂಧು ಕಸಿದುಕೊಂಡವಳಂತೆ ತೆಗೆದುಕೊಂಡು ಹೆಸರಿನ ಮೇಲೆ ಬೆರಳಾಡಿಸಿದಳು. ಕಣ್ಣಲ್ಲಿ ನೀರು ಬಂದಿತ್ತು ಅವಳಿಗೆ. ಸಿಂಕಿಗೆ ಹೋಗಿ ತೊಳೆದು, ಮೇಲಿನ ಹಲಗೆಯ ಮೇಲೆ, ಮಲ್ಲಮ್ಮನದರ ಪಕ್ಕಕ್ಕೆ ಇಟ್ಟಳು. ಒಂದು ಸಲ ಹಿಂದೆ ಸರಿದು ಎರಡನ್ನೂ ಒಟ್ಟಿಗೆ ನೋಡಿದಳು. ದೊಡ್ಡಮಾದಮ್ಮ ದೂರದಿಂದಲೇ, "ಬಂತಲ್ಲ ಬುಡವ್ವ, ಅಂತೂ" ಎಂದು ನಕ್ಕಳು. ಬಾಗಿಲ ಬಳಿ ಚಪ್ಪಲಿ ಬಿಟ್ಟು ನಿಂತಿದ್ದ ಪ್ರಿಯಾಂಕ ಬಿಸಿಲಿನಲ್ಲಿ ಬಂದವಳು, "ಅಕ್ಕ, ಸ್ವಲ್ಪ ನೀರು" ಎಂದಳು. ಸಿಂಧು ಬಗ್ಗಿ ಕೆಳಗಿನ ಹಲಗೆಯಿಂದ ಬೃಂದಾಳ ಲೋಟ ತೆಗೆದಳು. ನಿನ್ನೆಯವರೆಗೆ, ಇಲ್ಲ, ಇವತ್ತು ಬೆಳಿಗ್ಗೆಯವರೆಗೆ ತಾನು ಕುಡಿದದ್ದು. ನಲ್ಲಿ ತಿರುಗಿಸಿ ತುಂಬಿಸಿ ಚಾಚಿದಳು. "ಸದ್ಯಕ್ಕೆ ಇದ್ರಲ್ಲಿ ಕುಡಿಯಮ್ಮಿ. ವರ್ಸ ನಿಂತ್ರೆ ನೋಡನ."

ಪ್ರಿಯಾಂಕ ಲೋಟವನ್ನು ಕೈಯಲ್ಲಿ ತಿರುಗಿಸಿ ಹೆಸರು ಓದಿಕೊಂಡಳು. ಮಲ್ಲಮ್ಮನ ಕಡೆ ನೋಡಿದಳು. ಬೇಡ, ಕೊಡು ಇತ್ತ, ಎನ್ನಬೇಕು. ತನ್ನ ಲೋಟವನ್ನೇ ಎತ್ತಿ ಕೊಡಬಹುದು, ಕೈಗೆಟುಕುವಷ್ಟು ಹತ್ತಿರದಲ್ಲೇ ಇದೆ. ಕೊನೆಗೆ ಹೆಸರು ಹಿಡಿದಾದರೂ ಕರೆಯಬೇಕು, ಪ್ರಿಯಾಂಕ ಎಂದು, ಅಷ್ಟು ಸಾಕು, ಅಂಗಡಿಯಲ್ಲಿ ಸಿಂಧು ಎಂದು ಹೇಳಲು ಬಂತಲ್ಲ. ಮಲ್ಲಮ್ಮ ಕರೆಯಬೇಕೆಂದೇ ಬಾಯಿ ತೆರೆದಳು.

"ಏಯ್ ಹುಡ್ಗಿ" ಎಂದಳು, "ಕುಡ್ದಾದ್ಮೇಲೆ ತೊಳ್ದಿಡು."

ಹುಡುಗಿ ನಿಂತಲ್ಲೇ ಪೂರಾ ಕುಡಿದಳು. ಸಿಂಕಿಗೆ ಹೋಗಿ ತೊಳೆದಳು. ಎಲ್ಲಿ ಇಡಬೇಕೆಂದು ಯಾರನ್ನೂ ಕೇಳದೆ, ಬಗ್ಗಿ, ಕೆಳಗಿನ ಹಲಗೆಯ ಮೇಲೆ ಬೋರಲು ಹಾಕಿದಳು.